ಅಡುಗೆಮನೆ ಬಾಗಿಲಲ್ಲಿ ನಾಯಿ, ಒಲೆ ಮೇಲೆ ಪಲ್ಯ: ಮನೆಯ ದಿನಗಳನ್ನು ಫೋಟೋದಲ್ಲಿ ಹಿಡಿಯುವುದು ಹೇಗೆ?

ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳು ಎಲ್ಲರ ಮನೆಯಲ್ಲೂ ರಾಶಿ ಬಿದ್ದಿರುತ್ತವೆ. ಆದರೆ ಒಂದು ಮಾಮೂಲಿ ಮಂಗಳವಾರ ಬೆಳಗ್ಗೆ ಅಮ್ಮ ತರಕಾರಿ ಹೆಚ್ಚುತ್ತಿರುವುದು, ನಾಯಿ ಅಡುಗೆಮನೆ ಬಾಗಿಲಲ್ಲಿ ಮೂಗು ಅರಳಿಸಿ ಕೂತಿರುವುದು, ಇಂಥ ಫೋಟೋ ಹುಡುಕಿದರೂ ಸಿಗುವುದಿಲ್ಲ. ಇದ್ದರೂ ಅಲುಗಾಡಿರುತ್ತದೆ, ಇಲ್ಲವೇ ಎಲ್ಲ ಹಳದಿ ಹಳದಿಯಾಗಿರುತ್ತದೆ, ಇಲ್ಲವೇ ನಾಯಿಯ ಕಣ್ಣು ಹಸಿರಾಗಿ ಉರಿಯುತ್ತಿರುತ್ತದೆ.

ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಕೈಯಲ್ಲಿರುವ ಫೋನ್ ಸಾಕು. ನಿಮ್ಮ ಅಡುಗೆಮನೆಗೆ ಯಾವ ಹೊತ್ತಿನಲ್ಲಿ ಎಲ್ಲಿಂದ ಬೆಳಕು ಬರುತ್ತದೆ ಅಂತ ಗೊತ್ತಿರಬೇಕು. ನಾಯಿಗೆ ಅಡುಗೆಮನೆ ಹತ್ತಿರ ಒಂದು ಖಾಯಂ ಜಾಗ ಇರಬೇಕು. ಇವೆರಡು ಕೂಡಿಬಂದರೆ ಅಡುಗೆಯೂ ಸುಸೂತ್ರ, ನಾಯಿಯೂ ಕ್ಷೇಮ, ಫೋಟೋ ತೆಗೆಯುವುದೂ ಸಲೀಸು.

1. ಮೊದಲು ಕಿಟಕಿ ನೋಡಿ

ಒಂದು ಭಾನುವಾರ ಫೋನ್ ಪಕ್ಕಕ್ಕಿಟ್ಟು, ಅಡುಗೆಮನೆಯಲ್ಲಿ ಬೆಳಕು ಹೇಗೆ ಸರಿಯುತ್ತದೆ ಅಂತ ಸುಮ್ನೆ ನೋಡುತ್ತಿರಿ. ನಮ್ಮ ಕಡೆ ಬಹಳ ಮನೆಗಳಲ್ಲಿ ವಾಸ್ತು ನೋಡಿ ಅಡುಗೆಮನೆಯನ್ನು ಆಗ್ನೇಯ ಮೂಲೆಗೆ ಇಟ್ಟಿರುತ್ತಾರೆ. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುವ ಹಾಗೆ ಕಟ್ಟೆ ಕಟ್ಟಿರುತ್ತಾರೆ. ಫೋಟೋ ತೆಗೆಯುವವರಿಗೆ ಇದು ದೊಡ್ಡ ಅನುಕೂಲ. ಕಟ್ಟೆಯ ಮೇಲೆ ಕಿಟಕಿ ಇದ್ದರೆ ಬೆಳಗಿನ ಬೆಳಕು ನೇರವಾಗಿ ಅಡುಗೆ ಮಾಡುವವರ ಮುಖಕ್ಕೆ, ಕೈಗೆ, ಪಾತ್ರೆಗೆ ಬೀಳುತ್ತದೆ. ನೀವು ಅವರ ಹಿಂದೆ ನಿಂತರೆ ಬೆನ್ನು ಮಾತ್ರ ಕಪ್ಪಗೆ ಬರುತ್ತದೆ. ಪಕ್ಕದಲ್ಲಿ, ಕಟ್ಟೆಯ ತುದಿಯಲ್ಲಿ ನಿಂತುಕೊಳ್ಳಿ. ಆಗ ಮುಖದ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ಮೆಲ್ಲಗೆ ನೆರಳು ಸಿಗುತ್ತದೆ.

ಬಿಸಿಲು ನೇರವಾಗಿ ಕಟ್ಟೆಗೆ ಹೊಡೆಯುತ್ತಿದ್ದರೆ ಬಿಳಿಯದು ಉರಿದುಹೋಗುತ್ತದೆ, ನೆರಳು ಕರ್ರಗಾಗುತ್ತದೆ. ಹಳೆಯ ತೆಳು ಬಿಳಿ ಪಂಚೆಯನ್ನು ಕಿಟಕಿಗೆ ಕಟ್ಟಿ. ಗ್ಯಾಸ್ ಒಲೆ ಕಿಟಕಿಗೆ ಹತ್ತಿರ ಇದ್ದರೆ ಮಾತ್ರ ಬಟ್ಟೆ ಬೇಡವೇ ಬೇಡ, ಬಿಸಿಲು ಸರಿಯುವವರೆಗೆ ಕಾಯಿರಿ. ಅಪಾರ್ಟ್‌ಮೆಂಟಿನಲ್ಲಿ ಯುಟಿಲಿಟಿ ಕಡೆಯಿಂದ ಬರುವ ಬೆಳಕು ತಾನಾಗಿಯೇ ಮೆತ್ತಗಿರುತ್ತದೆ, ಅದನ್ನೇ ಬಳಸಿ.

ಮುಂದಿನ ಕೆಲಸ, ಟ್ಯೂಬ್‌ಲೈಟ್ ಆರಿಸುವುದು. ಕಿಟಕಿಯ ಬೆಳಕು ಒಂದು ಬಣ್ಣ, ಬಲ್ಬಿನ ಬೆಳಕು ಇನ್ನೊಂದು ಬಣ್ಣ. ಎರಡೂ ಸೇರಿದರೆ ಅನ್ನ ಒಂದು ಕಡೆ ನೀಲಿ, ಒಂದು ಕಡೆ ಹಳದಿ ಕಾಣುತ್ತದೆ. ಆಮೇಲೆ ಎಷ್ಟು ಎಡಿಟ್ ಮಾಡಿದರೂ ಸರಿಯಾಗುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸ್ ಮೇಲೆ ಎಣ್ಣೆಯ ತೆಳು ಪದರ ಕೂತೇ ಕೂರುತ್ತದೆ. ಫೋಟೋದಲ್ಲಿ ಕಿಟಕಿಯ ಸುತ್ತ ಮಂಜು ಕವಿದಂತೆ ಕಂಡರೆ ಕಾರಣ ಅದೇ. ಒಗೆದು ಮೆತ್ತಗಾದ ಹತ್ತಿ ಬಟ್ಟೆಯಿಂದ ಪ್ರತಿ ಸಲ ಒರೆಸಿಕೊಳ್ಳಿ. ಹಿಟ್ಟು, ಉಪ್ಪು ಮೆತ್ತಿದ ಅಡುಗೆಮನೆ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ.

2. ಹೊಸ್ತಿಲ ಆಚೆ ನಾಯಿಗೆ ಒಂದು ಜಾಗ

ಬಿಸಿ ಎಣ್ಣೆ, ಕುಕ್ಕರ್, ಗಂಜಿ ಬಸಿಯುವ ಪಾತ್ರೆ ಇರುವ ಕಡೆ ನಾಯಿ ಕಾಲಿಗೆ ಅಡ್ಡ ಸಿಗಬಾರದು. ಹಾಗಂತ ಹೊರಗೆ ಕಟ್ಟಿಹಾಕಿದರೆ ಅದು ಕೂಗುತ್ತದೆ, ನಿಮಗೂ ಬೇಜಾರು. ಅಡುಗೆಮನೆ ಹೊಸ್ತಿಲಿನ ಆಚೆ ಒಂದು ಗೋಣಿಚೀಲ ಅಥವಾ ಹಳೇ ಜಮಖಾನ ಹಾಸಿ, ಅದನ್ನೇ ಅದರ ಜಾಗ ಮಾಡಿ.

ಅಡುಗೆ ಇಲ್ಲದ ಹೊತ್ತಿನಲ್ಲಿ ಶುರು ಮಾಡಿ. ಒಲೆ ಮೇಲೆ ಕೋಳಿ ಬೇಯುತ್ತಿರುವಾಗ ಯಾವ ನಾಯಿಯೂ ಪಾಠ ಕಲಿಯುವುದಿಲ್ಲ. ಕೈಯಲ್ಲಿ ಬೇಯಿಸಿದ ಕ್ಯಾರೆಟ್ಟಿನ ಚೂರು ಹಿಡಿದು ನಾಯಿಯನ್ನು ಹಾಸಿನ ಮೇಲೆ ಕರೆಯಿರಿ. "ಕೂತ್ಕೋ" ಅನ್ನಿ. ಕೂತ ಕೂಡಲೇ ಚೂರು ಕೊಡಿ. ಆಮೇಲೆ "ಇರು" ಅಂತ ಹೇಳಿ ಒಂದು ಹೆಜ್ಜೆ ಹಿಂದೆ ಸರಿಯಿರಿ. ಎದ್ದು ಬರದಿದ್ದರೆ ನೀವೇ ಅದರ ಹತ್ತಿರ ಹೋಗಿ ಕೊಡಿ. ಇಲ್ಲೇ ಬಹಳ ಜನ ಎಡವುತ್ತಾರೆ: ದೂರದಲ್ಲಿ ನಿಂತು ಕರೆದು ಕೊಟ್ಟರೆ, ಎದ್ದು ಬಂದರೆ ತಿಂಡಿ ಸಿಗುತ್ತದೆ ಅಂತ ಅದು ಕಲಿಯುತ್ತದೆ. ಒಂದು ಹೆಜ್ಜೆ ಎರಡಾಗಲಿ, ಎರಡು ಹೆಜ್ಜೆ ಒಲೆಯವರೆಗೆ ಹೋಗಲಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಮುಗಿದಾಗ "ಬಾ" ಅಂತ ಬಿಡುಗಡೆ ಕೊಡಿ. ಬೈಯುವುದು, ಹೊಡೆಯುವುದು ಬೇಡ. ಹೆದರಿ ಕೂತ ನಾಯಿಯ ಮುಖ ಫೋಟೋದಲ್ಲೂ ಹೆದರಿಯೇ ಇರುತ್ತದೆ.

ಮನೆಯವರೆಲ್ಲ ಒಂದೇ ಮಾತು, ಒಂದೇ ನಿಯಮ ಹಿಡಿಯಬೇಕು. ಅಜ್ಜ ಊಟ ಮಾಡುತ್ತಾ ಮೆಲ್ಲಗೆ ರೊಟ್ಟಿ ಚೂರು ಎಸೆದರೆ ವಾರದ ಶ್ರಮ ನೀರಲ್ಲಿ ಹೋಮ. ಅಜ್ಜನಿಗೆ ಕೊಡಲೇಬೇಕು ಅನ್ನಿಸಿದರೆ ಹಾಸಿನ ಹತ್ತಿರ ಹೋಗಿ ಅಲ್ಲೇ ಕೊಡಲಿ.

ಹಾಸಿನ ಬಣ್ಣವನ್ನೂ ಯೋಚಿಸಿ ಆರಿಸಿ. ಕಪ್ಪು ನಾಯಿಗೆ ತಿಳಿ ಬಣ್ಣದ್ದು, ಬಿಳಿ ನಾಯಿಗೆ ಗಾಢ ಬಣ್ಣದ್ದು. ತಿಳಿ ಬಣ್ಣದ ಹಾಸು ಕೆಳಗಿನಿಂದ ಸ್ವಲ್ಪ ಬೆಳಕನ್ನು ಮೇಲಕ್ಕೆ ಎಸೆಯುತ್ತದೆ. ಕಪ್ಪು ಮೂತಿಯ ಕೆಳಭಾಗ ಆಗ ಕಾಣುತ್ತದೆ.

3. ಒಗ್ಗರಣೆಗೆ ಮುಂಚೆ ನಾಯಿಯ ಪಾಲು

ನಾಯಿ ಬಾಗಿಲಲ್ಲೇ ಕೂತಿದೆ, ಅದಕ್ಕೂ ಏನಾದರೂ ಕೊಡಬೇಕು ಅನ್ನಿಸುತ್ತದೆ ಅಲ್ವಾ? ಕೊಡಿ. ಆದರೆ ನಮ್ಮ ಸಾರು, ಹುಳಿ, ಗೊಜ್ಜು ಅದಕ್ಕೆ ಆಗಿಬರುವುದಿಲ್ಲ. ಕಾರಣ ಬರೀ ಖಾರವಲ್ಲ.

ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಸಿಯಾದರೂ ಅಷ್ಟೇ, ಬೇಯಿಸಿದರೂ ಅಷ್ಟೇ, ಪುಡಿಯಾದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಇರಬಹುದು ಎಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಜಾಸ್ತಿ ಇದೆ. ಹಾಗಾಗಿ ಹುಣಸೆ ಹಾಕಿದ ಸಾರು, ಪುಳಿಯೋಗರೆ ನಾಯಿಗೆ ಬೇಡ. ಹಬ್ಬದ ದಿನ ಪಾಯಸ, ಕೇಸರಿಬಾತಿನ ಒಣದ್ರಾಕ್ಷಿ ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಚಾಕೊಲೇಟ್ ಬೇಡ. ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಕ್ಸೈಲಿಟಾಲ್ ಎಂಬ, ಸಕ್ಕರೆಯ ಬದಲು ಹಾಕುವ ಸಿಹಿ ಇರುತ್ತದೆ, ಅದು ಸ್ವಲ್ಪವೇ ತಿಂದರೂ ನಾಯಿಗೆ ಅಪಾಯ. ಬೆಂದ ಮೂಳೆ ಸೀಳಿ ಚೂಪಾಗುತ್ತದೆ, ಅದೂ ಬೇಡ.

ಇಂಥದ್ದೇನಾದರೂ ತಿಂದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಏನು, ಎಷ್ಟು, ಎಷ್ಟು ಹೊತ್ತಿಗೆ ತಿಂದಿತು ಅಂತ ಗುರುತು ಹಾಕಿಕೊಂಡು ಪಶುವೈದ್ಯರಿಗೆ ಫೋನ್ ಮಾಡಿ. ಪೊಟ್ಟಣ ಸಿಕ್ಕರೆ ಜೊತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಉಪಾಯ ಬಿಟ್ಟುಬಿಡಿ, ಉಪ್ಪು ಜಾಸ್ತಿಯಾದರೆ ಅದೇ ವಿಷ.

ಮನೆಮಂದಿಗೂ ನಾಯಿಗೂ ಒಂದೇ ಬಾಣಲೆಯಲ್ಲಿ ಆಗುವ ಅಡುಗೆ ಎಂದರೆ ನನಗೆ ಸಿಹಿಗುಂಬಳಕಾಯಿ ಪಲ್ಯ. ಈರುಳ್ಳಿ ಬೇಡ, ಬಣ್ಣವೂ ಫೋಟೋಗೆ ಹೇಳಿ ಮಾಡಿಸಿದ್ದು.

ನಾಲ್ಕು ಜನಕ್ಕೆ ಅರ್ಧ ಕೆಜಿ ಕುಂಬಳಕಾಯಿ ತಗೊಳ್ಳಿ. ಸಿಪ್ಪೆ, ಬೀಜ ತೆಗೆದು ಹೆಬ್ಬೆರಳಿನ ಉಗುರಿನ ಗಾತ್ರಕ್ಕೆ ಹೆಚ್ಚಿ. ಬಾಣಲೆಗೆ ಹಾಕಿ, ಕಾಲು ಲೋಟ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿ. ಉಪ್ಪು ಈಗ ಹಾಕಬೇಡಿ. ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಆದರೆ ಹೋಳು ಹೋಳಾಗಿಯೇ ಇರಬೇಕು. ಈಗ ನಾಯಿಯ ಪಾಲನ್ನು ಒಂದು ಬಟ್ಟಲಿಗೆ ತೆಗೆದು ಆರಲು ಬಿಡಿ. ಸಣ್ಣ ನಾಯಿಗೆ ಒಂದು ಚಮಚ, ನಮ್ಮ ಬೀದಿನಾಯಿಗಳ ಗಾತ್ರದ್ದಕ್ಕೆ ಎರಡು ಮೂರು ಚಮಚ. ಇದು ಅದರ ಊಟ ಅಲ್ಲ, ಊಟದ ಮೇಲೆ ರುಚಿಗೆ. ಇಂಥ ಎಲ್ಲಾ ತಿಂಡಿ ಸೇರಿ ದಿನದ ಆಹಾರದ ಹತ್ತನೇ ಒಂದು ಪಾಲು ದಾಟಬಾರದು.

ಉಳಿದದ್ದು ನಮಗೆ. ಇನ್ನೊಂದು ಸಣ್ಣ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ ಹಾಕಿ. ಸಿಡಿದ ಮೇಲೆ ಒಂದೊಂದು ಚಮಚ ಉದ್ದಿನಬೇಳೆ, ಕಡಲೆಬೇಳೆ ಹಾಕಿ ಕೆಂಪಗಾಗಲು ಬಿಡಿ. ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿ. ಚಿಟಿಕೆ ಇಂಗು, ಕೊನೆಗೆ ಕರಿಬೇವು. ಇದನ್ನು ಕುಂಬಳಕಾಯಿಗೆ ಸುರಿದು, ಉಪ್ಪು, ಒಂದು ಸಣ್ಣ ಚೂರು ಬೆಲ್ಲ, ಅರ್ಧ ಬಟ್ಟಲು ತೆಂಗಿನತುರಿ ಹಾಕಿ. ಹಗುರವಾಗಿ ಕೈಯಾಡಿಸಿ, ಎರಡು ನಿಮಿಷ ಬಿಟ್ಟು ಇಳಿಸಿ.

4. ಅಡುಗೆಯ ಫೋಟೋ: ಹಬೆ ಮತ್ತು ಒಗ್ಗರಣೆ

ಬಡಿಸಿಟ್ಟ ತಟ್ಟೆಗಿಂತ ಅಡುಗೆ ಆಗುತ್ತಿರುವ ಹೊತ್ತೇ ನನಗೆ ಹೆಚ್ಚು ಇಷ್ಟ. ಅದರಲ್ಲಿ ಎರಡು ಕ್ಷಣ ಹಿಡಿಯಲು ಕಲಿತರೆ ಉಳಿದದ್ದು ತಾನೇ ಬರುತ್ತದೆ.

ಮೊದಲನೆಯದು ಹಬೆ. ಹಬೆ ಬೆಳಕಿಗೆ ಎದುರಾಗಿ, ಹಿಂದೆ ಕತ್ತಲಿದ್ದಾಗ ಮಾತ್ರ ಕಾಣುತ್ತದೆ. ಬಿಳಿ ಟೈಲ್ಸ್ ಮುಂದೆ ಎಷ್ಟೇ ಹಬೆ ಎದ್ದರೂ ಫೋಟೋದಲ್ಲಿ ಏನೂ ಇರುವುದಿಲ್ಲ. ಬಾಣಲೆ ನಿಮ್ಮ ಮತ್ತು ಕಿಟಕಿಯ ನಡುವೆ ಬರುವ ಹಾಗೆ ನಿಲ್ಲಿ. ಆಮೇಲೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು, ಹಬೆಯ ಹಿಂದೆ ಕಿಟಕಿಯ ಬದಲು ಕಪ್ಪು ಗೋಡೆ, ಮರದ ಕಪಾಟು ಅಥವಾ ನೆರಳಿನ ಮೂಲೆ ಬರುವಂತೆ ಮಾಡಿಕೊಳ್ಳಿ. ಯಾರಾದರೂ ಮುಚ್ಚಳ ತೆಗೆಯಲಿ, ನೀವು ಅದಕ್ಕೂ ಮುಂಚೆಯೇ ಒತ್ತಲು ಶುರು ಮಾಡಿ. ಮೊದಲ ಒಂದೆರಡು ಕ್ಷಣದ ಹಬೆ ದಟ್ಟವಾಗಿರುತ್ತದೆ. ಫ್ಯಾನ್ ಮತ್ತು ಚಿಮಣಿ ಆಗ ಆರಿರಲಿ.

ಎರಡನೆಯದು ಒಗ್ಗರಣೆ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಯಾವತ್ತೂ ಮಾಡಬೇಡಿ. ಒಬ್ಬರು ಒಗ್ಗರಣೆ ಹಾಕಲಿ, ಇನ್ನೊಬ್ಬರು ಫೋಟೋ ತೆಗೆಯಲಿ. ಒಂದು ಮಾರು ದೂರ ನಿಂತು ಫೋನಿನಲ್ಲಿ 2x, ಅಂದರೆ ಎರಡು ಪಟ್ಟು ಜೂಮ್, ಒತ್ತಿ. ಎಣ್ಣೆ ಸಿಡಿದರೂ ತಾಗುವುದಿಲ್ಲ, ಬಾಣಲೆಯ ಆಕಾರವೂ ಸೊಟ್ಟಗಾಗುವುದಿಲ್ಲ. ಬಾಣಲೆಯ ಅಂಚಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪರದೆಯ ಮೇಲೆ ಕಾಣುವ ಬೆಳಕಿನ (ಸೂರ್ಯನ) ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಸಾಸಿವೆಗಿಂತ ಕರಿಬೇವು ಬೀಳುವ ಹೊತ್ತು ನೋಡಲು ಚೆಂದ. ಎಲೆಯಲ್ಲಿರುವ ನೀರು ಬಿಸಿ ಎಣ್ಣೆಗೆ ತಾಗಿ ಒಮ್ಮೆಲೇ ಚಟಪಟ ಸಿಡಿಯುತ್ತದೆ, ಎಲೆ ಕಡು ಹಸಿರಾಗಿ ಮುದುಡಿಕೊಳ್ಳುತ್ತದೆ, ಎಣ್ಣೆಯ ಹನಿಗಳು ಬೆಳಕಲ್ಲಿ ಚಿನ್ನದ ಬಣ್ಣಕ್ಕೆ ಹೊಳೆಯುತ್ತವೆ. ಬರ್ಸ್ಟ್ ಮೋಡ್‌ನಲ್ಲಿ (ಒಂದರ ಹಿಂದೆ ಒಂದು ಸಾಲಾಗಿ ಫೋಟೋ ತೆಗೆಯುವ ಮೋಡ್) ಒತ್ತಿ ಹಿಡಿದು, ಆಮೇಲೆ ಒಳ್ಳೆಯದನ್ನು ಆರಿಸಿ.

ತಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಳೆ ಎಲೆ ಊಟ ಆದರೆ ನೇರ ಮೇಲಿನಿಂದ. ಮುದ್ದೆ, ದೋಸೆಯ ಅಟ್ಟಿ ಆದರೆ ಕಣ್ಣಿನ ಮಟ್ಟದಿಂದ. ಬಟ್ಟಲಲ್ಲಿರುವ ಪಲ್ಯ, ಸಾರು ಆದರೆ ಊಟಕ್ಕೆ ಕೂತವರ ಕಣ್ಣಿಗೆ ಕಾಣುವಷ್ಟು ಓರೆಯಲ್ಲಿ. ಸ್ಟೀಲ್ ಪಾತ್ರೆಯಲ್ಲಿ ನಿಮ್ಮದೇ ಮುಖ ಕಂಡರೆ ಸ್ವಲ್ಪ ಓರೆ ಮಾಡಿ. ನೆರಳಿನ ಬದಿ ತೀರಾ ಕಪ್ಪಾದರೆ ಹಳೇ ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆಯನ್ನು ಆ ಬದಿಗೆ ನಿಲ್ಲಿಸಿ.

5. ಈಗ ನಾಯಿ

ನೆಲಕ್ಕೆ ಇಳಿಯಿರಿ. ನಿಂತು ತೆಗೆದ ಫೋಟೋದಲ್ಲಿ ನಾಯಿಯ ಬೆನ್ನು, ತಲೆ ಮಾತ್ರ ದೊಡ್ಡದಾಗಿ ಬರುತ್ತದೆ. ಕೂತು ಅಥವಾ ಮಲಗಿ, ಫೋನನ್ನು ತಲೆಕೆಳಗು ಮಾಡಿ ಲೆನ್ಸನ್ನು ನೆಲಕ್ಕೆ ಹತ್ತಿರ ತನ್ನಿ. ಫೋಕಸ್ ಯಾವಾಗಲೂ ನಿಮಗೆ ಹತ್ತಿರ ಇರುವ ಕಣ್ಣಿನ ಮೇಲೆ. ಬೆಳಕು ಸರಿಯಾಗಿದೆಯೋ ಇಲ್ಲವೋ ತಿಳಿಯಲು ಆ ಕಣ್ಣನ್ನೇ ನೋಡಿ. ಅದರಲ್ಲಿ ಕಿಟಕಿಯ ಬಿಳಿ ಚೌಕ, ಒಮ್ಮೊಮ್ಮೆ ಸರಳುಗಳ ಸಮೇತ, ಕಂಡರೆ ಸರಿ. ಕಣ್ಣು ಬರೀ ಕಪ್ಪು ಗುಂಡಿಯಾಗಿ ಕಂಡರೆ ಹಾಸನ್ನೇ ಸ್ವಲ್ಪ ಬೆಳಕಿನ ಕಡೆಗೆ ತಿರುಗಿಸಿ.

ಫ್ಲ್ಯಾಶ್ ಆರಿಸಿಬಿಡಿ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪದರ ಇದೆ. ಕತ್ತಲಲ್ಲಿ ಚೆನ್ನಾಗಿ ಕಾಣಲಿ ಅಂತ ಇರುವಂಥದ್ದು. ಫ್ಲ್ಯಾಶ್ ಬಿದ್ದಾಗ ಆ ಪದರವೇ ಹಸಿರಾಗಿ, ಹಳದಿಯಾಗಿ ಹೊಳೆಯುತ್ತದೆ.

ಕಪ್ಪು ನಾಯಿಯದ್ದು ಬೇರೆ ಕಷ್ಟ. ಕ್ಯಾಮೆರಾ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯಲು ನೋಡುತ್ತದೆ. ಕಪ್ಪು ಮೈ ಚೌಕಟ್ಟು ತುಂಬಿದ್ದರೆ ಬೆಳಕು ಜಾಸ್ತಿ ಮಾಡಿ ನಾಯಿಯನ್ನು ಮಾಸಲು ಮಾಡುತ್ತದೆ. ನಾಯಿಯ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ನಾಯಿಗೆ ಇದರ ತಿರುಗುಮುರುಗು, ಸ್ವಲ್ಪ ಮೇಲಕ್ಕೆ. ಕ್ಯಾಮೆರಾ ಇರುವವರು ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ ಕಪ್ಪು ನಾಯಿಗೆ ಮೈನಸ್ 0.7, ಬಿಳಿ ನಾಯಿಗೆ ಪ್ಲಸ್ 0.7ರಿಂದ ಶುರು ಮಾಡಿ ನೋಡಿ. ಕೂತ ನಾಯಿಗೆ ಶಟರ್ ವೇಗ (ಒಂದು ಫೋಟೋಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು) ಸೆಕೆಂಡಿನ 1/250 ಸಾಕು, ಅಂಗಳದಲ್ಲಿ ಓಡುವ ನಾಯಿಗೆ 1/1000 ಅಥವಾ ಅದಕ್ಕಿಂತ ಹೆಚ್ಚು ಬೇಕು.

ಬಾಗಲಕೋಟೆ ಕಡೆಯ ಮುಧೋಳ ನಾಯಿಯಂಥ ಉದ್ದ ಮೂತಿಯದನ್ನು ಫೋನಿನ ಮಾಮೂಲಿ ಲೆನ್ಸಿನಲ್ಲಿ ಹತ್ತಿರದಿಂದ, ಎದುರಿನಿಂದ ತೆಗೆದರೆ ಮೂಗು ಮಾತ್ರ ಊದಿಕೊಂಡು ಬರುತ್ತದೆ. ಹಿಂದೆ ಸರಿದು 2xನಲ್ಲಿ ಪಕ್ಕದಿಂದ ತೆಗೆಯಿರಿ. ಕತ್ತಿನ ಬಾಗು, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ ಎಲ್ಲ ಆಗಲೇ ಕಾಣುವುದು. ಇವು ಕಣ್ಣಿನಿಂದ ಬೇಟೆಯಾಡುವ ತಳಿ. ಗಮನ ಸೆಳೆಯಲು ಕೂಗುವುದಕ್ಕಿಂತ ಬಟ್ಟೆ ಅಲ್ಲಾಡಿಸುವುದು ಒಳ್ಳೆಯದು. ಉಳಿದ ನಾಯಿಗಳಿಗೆ ತುಟಿಯಲ್ಲಿ ಒಂದು ಹೊಸ ಸದ್ದು ಮಾಡಿ. ಕಿವಿ ನೆಟ್ಟಗಾಗುತ್ತದೆ, ತಲೆ ಓರೆಯಾಗುತ್ತದೆ. ಅದೇ ಸದ್ದನ್ನು ಪದೇ ಪದೇ ಮಾಡಿದರೆ ತಿರುಗಿಯೂ ನೋಡುವುದಿಲ್ಲ. ಆಟಿಕೆ ಬಳಸುವುದಾದರೆ ನೀಲಿ ಅಥವಾ ಹಳದಿ ಬಣ್ಣದ್ದು ಇರಲಿ. ನಾಯಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಸರಿಯಾಗಿ ಕಾಣುವುದಿಲ್ಲ. ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡನ್ನು ಅದು ಮೂಗಿನಿಂದಲೇ ಹುಡುಕಬೇಕು.

ನಾಯಿ ಮುಖ ತಿರುಗಿಸಿದರೆ, ಬಾಯಿ ನೆಕ್ಕಿಕೊಂಡರೆ, ನಿದ್ದೆ ಇಲ್ಲದೆಯೂ ಆಕಳಿಸಿದರೆ, ಕಣ್ಣಿನ ಬಿಳಿ ಭಾಗ ಕಂಡರೆ ಅದಕ್ಕೆ ಸಾಕಾಗಿದೆ ಅಂತ. ಅಲ್ಲಿಗೆ ನಿಲ್ಲಿಸಿ. ಉಣ್ಣುತ್ತಿರುವಾಗ ಮುಖದ ಹತ್ತಿರ ಫೋನ್ ಹಿಡಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಟೋಪಿ, ಕನ್ನಡಕ ತೊಡಿಸಿ ತೆಗೆಯುವ ಫೋಟೋ ನನಗೆ ಇಷ್ಟವಿಲ್ಲ. ನಾಯಿ ಯಾವ ಸಂಕಟದಲ್ಲಿದೆ ಅಂತ ಅದರ ಕಿವಿಯೇ ಹೇಳುತ್ತಿರುತ್ತದೆ.

6. ಮನೆಯವರು

"ಕೂದಲು ಬಾಚಿಲ್ಲ ಕಣೋ, ಈಗ ಬೇಡ" ಅಂತ ಅಮ್ಮ ಅನ್ನುತ್ತಾರೆ. ಬೇಡ ಅಂದರೆ ಬೇಡ. ಕೈಗಳ ಫೋಟೋ ತೆಗೆಯಲು ಕೇಳಿ, ಅದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಈಳಿಗೆಮಣೆ ಮೇಲೆ ಕಾಯಿ ತುರಿಯುವ ಕೈ, ಉಪ್ಪು ಚಿಮುಕಿಸುವ ಬೆರಳು, ಹಿಂದೆ ಮಸುಕಾಗಿ ಬಾಗಿಲಲ್ಲಿ ಕೂತ ನಾಯಿ. ನಾನು ಹೇಳಿದ ಕಿಟಕಿಯೂ ಹೊಸ್ತಿಲೂ ಒಂದೇ ಚೌಕಟ್ಟಿಗೆ ಬರುವುದು ಇಲ್ಲೇ. ಕೈ ಕಿಟಕಿಯ ಪಕ್ಕ, ನಾಯಿ ಆಚೆ ದೂರದಲ್ಲಿ. ಫೋಕಸ್ ಒಮ್ಮೆ ಕೈ ಮೇಲೆ, ಒಮ್ಮೆ ನಾಯಿ ಮೇಲೆ ಇಟ್ಟು ಎರಡನ್ನೂ ತೆಗೆಯಿರಿ. ತೆಗೆದ ಮೇಲೆ ಅವರಿಗೆ ತೋರಿಸಿ. ಮುಂದಿನ ಸಲ ಮುಖ ತೆಗೆಯಲೂ ಬಿಡಬಹುದು. ಸ್ಟೇಟಸ್‌ಗೆ ಹಾಕುವ ಮುಂಚೆಯೂ ಕೇಳಿ.

7. ರಾತ್ರಿ ಅಡುಗೆ

ಕತ್ತಲಾದ ಮೇಲೆ ಒಂದೇ ಬಗೆಯ ಲೈಟ್ ಹಾಕಿ, ಉಳಿದದ್ದು ಆರಿಸಿ. ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿದ್ದರೆ ಫೋನ್ ಕೆಟ್ಟಿದೆ ಅಂತಲ್ಲ. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಹಳೇ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನ್ ಕ್ಯಾಮೆರಾದಲ್ಲಿ ಎಲ್ಲವನ್ನೂ ನೀವೇ ಹೊಂದಿಸುವ ಪ್ರೊ ಮೋಡ್‌ಗೆ ಹೋಗಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ, ಪಟ್ಟಿ ಹೋಗುತ್ತದೆ. ಅಷ್ಟು ನಿಧಾನದ ಶಟರ್‌ನಲ್ಲಿ ಓಡಾಡುವ ನಾಯಿ ಅಲುಗಾಡುತ್ತದೆ. ಹಾಗಾಗಿ ರಾತ್ರಿ ಮಲಗಿದ ನಾಯಿಯನ್ನೇ ತೆಗೆಯಿರಿ.

8. ಆರಿಸಿ, ಇಟ್ಟುಕೊಳ್ಳಿ

ಬರ್ಸ್ಟ್‌ನಲ್ಲಿ ತೆಗೆದದ್ದನ್ನು ಅದೇ ದಿನ ರಾತ್ರಿ ನೋಡಿ ಒಂದೆರಡು ಉಳಿಸಿ, ಉಳಿದದ್ದು ಅಳಿಸಿ. ಮುಂದಕ್ಕೆ ಹಾಕಿದರೆ ಯಾರೂ ಮಾಡುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಪ್ರಿಂಟ್ ಹಾಕಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. 4x6 ಇಂಚಿನ ಒಳ್ಳೆಯ ಪ್ರಿಂಟಿಗೆ 1200x1800 ಪಿಕ್ಸೆಲ್ ಇದ್ದರೆ ಸಾಕು. ಒಂದು ಪ್ರತಿ ಫೋನಿನಲ್ಲಿ, ಒಂದು ಹಾರ್ಡ್‌ಡಿಸ್ಕ್‌ನಲ್ಲಿ, ಒಂದು ಮನೆಯಿಂದ ಹೊರಗೆ, ಅಂದರೆ ಕ್ಲೌಡ್‌ನಲ್ಲಿ ಅಥವಾ ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಇರಲಿ.

ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು, ಅವತ್ತಿನ ಅಡುಗೆ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂದೆ ಗುರುತು ಬೀಳುತ್ತದೆ. ಅಂಟು ಹಾಳೆಯ ಆಲ್ಬಮ್ ಕೊಳ್ಳಬೇಡಿ, ಕಾಲಾಂತರದಲ್ಲಿ ಫೋಟೋ ಹಳದಿಯಾಗಿ ಅಂಟಿಕೊಂಡುಬಿಡುತ್ತದೆ.

ಮಲೆನಾಡು, ಕರಾವಳಿಯವರು ಇನ್ನೊಂದು ಎಚ್ಚರ ವಹಿಸಬೇಕು. ಮಳೆಗಾಲದ ತೇವಕ್ಕೆ ಪ್ರಿಂಟಿಗೂ ಬೂಷ್ಟು ಬರುತ್ತದೆ, ಕ್ಯಾಮೆರಾ ಲೆನ್ಸಿಗೂ ಬರುತ್ತದೆ. ಲೆನ್ಸನ್ನು ಚರ್ಮದ ಚೀಲದಲ್ಲಿ ಬೀರುವಿನೊಳಗೆ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರಲ್ಲಿಡಿ. ಬಣ್ಣ ಬದಲಾಯಿಸುವ ಜೆಲ್ ಸಿಗುತ್ತದೆ, ಬಣ್ಣ ತಿರುಗಿದಾಗ ಪೊಟ್ಟಣದ ಮೇಲೆ ಬರೆದಿರುವಂತೆ ಒಣಗಿಸಿ ಮತ್ತೆ ಹಾಕಿ. ಆ ಡಬ್ಬಿ ನಾಯಿಗೆ ಎಟುಕದ ಎತ್ತರದಲ್ಲಿರಲಿ.